ಜಕ್ಕಿಯಬ್ಬೆ ಮಗಳನ್ನು ಕರೆಸಿದಳು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ನಾನು ಮೊದಲ ಸಲ ಹೋದದ್ದು 2019ರ ಜನವರಿಯಲ್ಲಿ. ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಗೆಳೆಯನ ಬೈಕಿನ ಹಿಂದೆ ಕುಳಿತು ಹೊರಟಿದ್ದೆ. ಒಂದು ಕಾಲಕ್ಕೆ ನಾಗರಖಂಡ-70 ಎಂಬ ನಾಡಿನ ಮುಖ್ಯ ಸ್ಥಳವಾಗಿದ್ದ ಆ ಊರಿನಲ್ಲಿ ಈಗ ಉಳಿದಿರುವುದು ಶಾಂತಿನಾಥ ಬಸದಿ, ಸೋಮೇಶ್ವರ ಮತ್ತು ತ್ರಿಮೂರ್ತಿ ದೇವಾಲಯಗಳು, ಸುತ್ತ ಮರಗಳು, ಮಾತಿಲ್ಲದ ಕಲ್ಲುಗಳು. ಎಂ.ಎ. ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದ ನನ್ನ ಚೀಲದಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದ ಕೆಲವು ಜೆರಾಕ್ಸ್ ಹಾಳೆಗಳಿದ್ದವು. ಅವುಗಳಲ್ಲಿ ಒಂದರಲ್ಲಿ ಜಕ್ಕಿಯಬ್ಬೆ ಇದ್ದಳು.

ಕರ್ನಾಟಕದ ಇತಿಹಾಸ ಓದಿದವರಿಗೆ ಜಕ್ಕಿಯಬ್ಬೆ ಹೊಸಬಳಲ್ಲ. 10ನೇ ಶತಮಾನದ ಎರಡನೇ ದಶಕ, ರಾಷ್ಟ್ರಕೂಟರ ಆಳ್ವಿಕೆ, ಬನವಾಸಿ 12000ವನ್ನು ಕಲಿವಿಟ್ಟರಸ ನೋಡಿಕೊಳ್ಳುತ್ತಿದ್ದ ಕಾಲ. ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಹೆಣ್ಣಾದರೂ ಸಮರ್ಥವಾಗಿ ನಾಡನ್ನು ನಡೆಸಿದಳು ಎಂದು ಶಾಸನ ಹೊಗಳುತ್ತದೆ. ಪಠ್ಯಪುಸ್ತಕಗಳು ಅವಳನ್ನು ನೆನೆಯುವುದು ಈ ಭಾಗಕ್ಕಾಗಿ, 'ಆಡಳಿತ ನಡೆಸಿದ ಮಹಿಳೆ' ಎಂಬ ಒಂದು ಸಾಲಿನಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಅವಳಿಗೆ ಕಾಯಿಲೆ ಬಂತು. ಅದು ಮೈಯನ್ನು ತಿನ್ನುತ್ತಾ ಹೋಯಿತು. ಇನ್ನು ಈ ದೇಹದ ಭೋಗದಲ್ಲಿ ಸಾರವಿಲ್ಲ ಎಂದು ಅವಳಿಗೆ ತೋರಿತು. ಆಗ ಮಗಳನ್ನು ಕರೆಸಿದಳು. ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿದಳು. ಬಂದಣಿಕೆಯ ತೀರ್ಥದಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಶಾಸನದ ಭಾಷೆಯಲ್ಲಿ ಇದು ಸಲ್ಲೇಖನ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಗುರುತು ಹಾಕಿಕೊಂಡದ್ದೂ ಆ ಪದದ ಕೆಳಗೇ. 'ಮಗಳನ್ನು ಕರೆಸಿದಳು' ಎಂಬುದರ ಕೆಳಗೆ ಗೆರೆ ಎಳೆಯಬೇಕು ಎಂದು ಅವತ್ತು ಹೊಳೆಯಲಿಲ್ಲ. ಹೊಳೆಯಲು ಅದೇ ವರ್ಷದ ಮಳೆಗಾಲ ಬರಬೇಕಾಯಿತು.

*

ಆ ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜ ಬೆಳಿಗ್ಗೆ ಕೊಟ್ಟಿಗೆಗೆ ಹೋದವರು ಅಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಸೊರಬ, ಶಿವಮೊಗ್ಗ ದಾಟಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾಯಿತು. ಅಜ್ಜನಿಗೆ 81 ವರ್ಷ. ವೆಂಟಿಲೇಟರ್ ಹಾಕಿದರು. 21 ದಿನ ಹಾಗೇ ಇದ್ದರು.

ಮೊದಲ ವಾರ ಎಲ್ಲರೂ ಒಂದೇ ಮಾತಿನಲ್ಲಿದ್ದೆವು. ಎರಡನೇ ವಾರ ವೈದ್ಯರು ಅಪ್ಪ ಮತ್ತು ಚಿಕ್ಕಪ್ಪಂದಿರನ್ನು ಕೂರಿಸಿಕೊಂಡು, ಚೇತರಿಸಿಕೊಳ್ಳುವ ಸಾಧ್ಯತೆ ಬಹಳ ಕಡಿಮೆ, ಗಂಟಲಿಗೆ ತೂತು ಮಾಡಿ ಮುಂದುವರಿಸುವುದೋ ಏನು ಎಂದು ನೀವು ಯೋಚಿಸಿ ಎಂದರು. ಅಲ್ಲಿಂದ ಮನೆ ಎರಡಾಯಿತು. ಅಪ್ಪನಿಗೆ, ನಿಲ್ಲಿಸಿ ಎಂದು ಹೇಳುವ ನಾಲಿಗೆ ತನ್ನದಾಗಬಾರದು. ದೊಡ್ಡ ಚಿಕ್ಕಪ್ಪನಿಗೆ, ಅಪ್ಪಯ್ಯ ಇದನ್ನು ಯಾವತ್ತೂ ಒಪ್ಪುತ್ತಿರಲಿಲ್ಲ ಎಂಬ ಖಾತ್ರಿ. ಇನ್ನೊಬ್ಬ ಚಿಕ್ಕಪ್ಪ, ದುಡ್ಡಿಗಾಗಿ ಬಿಟ್ಟರು ಎಂದು ಊರವರು ಆಡಿಕೊಂಡರೆ ಎಂದು ಕೇಳಿದರು. 'ಅಪ್ಪಯ್ಯ ಏನು ಬಯಸುತ್ತಿದ್ದರು' ಎಂಬ ಪ್ರಶ್ನೆಗೆ ಮೂವರು ಗಂಡುಮಕ್ಕಳ ಬಳಿ ಮೂರು ಉತ್ತರಗಳಿದ್ದವು. ಯಾವುದಕ್ಕೂ ಆಧಾರವಿರಲಿಲ್ಲ. ಕೊನೆಗೆ ತೀರ್ಮಾನವನ್ನು ಯಾರೂ ಮಾಡಲಿಲ್ಲ. ಅಜ್ಜನ ಹೃದಯವೇ 21ನೇ ದಿನ ನಿಂತಿತು. ಅಪ್ಪ ಮತ್ತು ದೊಡ್ಡ ಚಿಕ್ಕಪ್ಪ ಆಮೇಲೆ ಸುಮಾರು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ.

ಹದಿಮೂರನೇ ದಿನದ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಅಜ್ಜಿ ಅಕ್ಕಿ ಆರಿಸುತ್ತಾ, ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಅವ್ರು ಹೇಳಿದ್ರು. ಹಿಂದಿನ ವರ್ಷ ಅಡಿಕೆ ಸುಲಿಯುವಾಗ. ನನ್ ಜೀವ ಹೋಗೋದಾದ್ರೆ ಜಗಲಿ ಮೇಲೇ ಹೋಗ್ಲಿ, ಮೂಗಿಗೆ ಬಾಯಿಗೆ ಪೈಪು ಹಾಕಿಸ್ಬ್ಯಾಡ ಅಂದಿದ್ರು."

ನಾನು ಬೆಚ್ಚಿ, "ಅಜ್ಜೀ, ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ?" ಎಂದೆ.

"ನನ್ನ ಯಾರು ಕೇಳಿದ್ರು?"

ಈ ಮೂರು ಪದಗಳು ನನ್ನ ಸಂಶೋಧನೆಯ ವಿಷಯವನ್ನು ತೀರ್ಮಾನಿಸಿದವು ಎಂದರೆ ನನ್ನ ಮಾರ್ಗದರ್ಶಕರು ನಗಬಹುದು. ಆದರೆ ನಿಜ. ಅಜ್ಜ ಮಾತಾಡಿರಲಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಅವರು ಮಾತಾಡಿದ್ದರು. ಕೇಳಿಸಿಕೊಂಡವರನ್ನು ಸಾಕ್ಷಿ ಎಂದು ನಾವು ಎಣಿಸಿರಲಿಲ್ಲ. ಐಸಿಯು ಬಾಗಿಲಿನ ಹೊರಗೆ 21 ದಿನ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಯನ್ನು ಊಟವಾಯಿತೇ ಎಂದು ಕೇಳಿದ್ದೆವು, ಮಾತ್ರೆ ತಗೊಂಡ್ಯಾ ಎಂದು ಕೇಳಿದ್ದೆವು. ಅಷ್ಟೇ.

*

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಗಳ ಗಣಿ. ರೈಸ್ ಶಿಕಾರಿಪುರದ ಶಾಸನಗಳನ್ನು 1902ರ ಏಳನೇ ಸಂಪುಟದಲ್ಲೂ ಸೊರಬದವನ್ನು 1904ರ ಎಂಟನೇ ಸಂಪುಟದಲ್ಲೂ ಪ್ರಕಟಿಸಿದರು. ಅವುಗಳಲ್ಲಿ ಬಹುಪಾಲು ಒಂದಲ್ಲ ಒಂದು ರೀತಿಯಲ್ಲಿ ಸಾವಿನ ದಾಖಲೆಗಳೇ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು. ಗಂಡನ ಚಿತೆಯೇರಿದವಳಿಗೆ ಬಳೆ ತೊಟ್ಟ ಎತ್ತಿದ ಕೈಯ ಮಾಸ್ತಿಗಲ್ಲು. ವ್ರತದಿಂದ ದೇಹ ಬಿಟ್ಟವರಿಗೆ ನಿಷಿಧಿಗಲ್ಲು. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಊರ ಹೆಬ್ಬಾಗಿಲ ಬಳಿ ಇವು ನಿಂತಿವೆ. ಮಕ್ಕಳು ಇವುಗಳಿಗೆ ಒರಗಿ ಬಸ್ಸಿಗೆ ಕಾಯುತ್ತಾರೆ.

ನಿಷಿಧಿಗಳ ಮಟ್ಟಿಗೆ ಸೊರಬ ತಾಲ್ಲೂಕಿನ ಹಿರೇ ಆವಲಿ ಒಂದು ಅಪರೂಪದ ಊರು. ಅಲ್ಲಿಯ ನಿಷಿಧಿಗಳು ರಾಜರವಲ್ಲ, ಹೆಚ್ಚಿನವು ಮುನಿಗಳವೂ ಅಲ್ಲ. ಊರಿನ ಗೌಡರು, ಅವರ ಮನೆಯ ಹೆಂಗಸರು, ಸಂಸಾರದಲ್ಲಿದ್ದ ಶ್ರಾವಕ ಶ್ರಾವಕಿಯರು. ಒಂದೇ ಊರಿನಲ್ಲಿ ತಲೆಮಾರುಗಳ ಕಾಲ ಜನ ತಮ್ಮ ಸಾವಿನ ರೀತಿಯನ್ನು ಮುಂಚಿತವಾಗಿ ಹೇಳಿ, ನಾಲ್ಕು ಜನರ ಎದುರು ಅದನ್ನು ನಡೆಸಿ, ಆಮೇಲೆ ಬರೆಸಿಟ್ಟಿದ್ದಾರೆ. ಶ್ರವಣಬೆಳಗೊಳದ ನಿಷಿಧಿಗಳನ್ನು ಇಟ್ಟುಕೊಂಡು ಷ. ಶೆಟ್ಟರ್ ಅವರು 'ಸಾವಿಗೆ ಆಹ್ವಾನ' ಮತ್ತು 'ಸಾವನ್ನು ಅರಸಿ' ಬರೆದ ಮೇಲೆ ಈ ಕಲ್ಲುಗಳನ್ನು ಓದುವ ದಾರಿ ನಮ್ಮಂಥವರಿಗೆ ಸುಲಭವಾಯಿತು.

ನಿಷಿಧಿಗಲ್ಲುಗಳ ಒಂದು ಚಿತ್ರದ ಕಡೆ ಓದುಗರ ಗಮನ ಸೆಳೆಯಬೇಕು. ಮೇಲಿನ ಪಟ್ಟಿಕೆಯಲ್ಲಿ ಜಿನಬಿಂಬ. ಕೆಳಗಿನ ಪಟ್ಟಿಕೆಯಲ್ಲಿ, ಹಲವು ಕಲ್ಲುಗಳಲ್ಲಿ, ಇಬ್ಬರು ಎದುರುಬದುರು ಕುಳಿತಿರುತ್ತಾರೆ: ಒಬ್ಬರು ಗುರು, ಇನ್ನೊಬ್ಬರು ಸಾಯಲಿರುವವರು. ನಡುವೆ ಓದುವ ಪೀಠ. ಕೆತ್ತನೆ ಸವೆದು ಮುಖಗಳು ಅಳಿಸಿದ್ದರೂ ಇಬ್ಬರೂ ಮಾತಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ವೀರಗಲ್ಲು ಯುದ್ಧವನ್ನು ಕೆತ್ತುತ್ತದೆ. ನಿಷಿಧಿ ಒಂದು ಮಾತುಕತೆಯನ್ನು ಕೆತ್ತುತ್ತದೆ.

ಆ ಮಾತುಕತೆಗೆ ಕ್ರಮವಿತ್ತು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಪಾರಾಗಲಾರದ ವಿಪತ್ತು, ಬರಗಾಲ, ಮುಪ್ಪು, ವಾಸಿಯಾಗದ ರೋಗ. ಇವಕ್ಕೆ ಪರಿಹಾರವಿಲ್ಲ ಎನ್ನುವಾಗ ಮಾತ್ರ. ಆಮೇಲೆ ಮೊದಲ ಕೆಲಸ ಉಪವಾಸವಲ್ಲ. ಬಂಧುಗಳನ್ನೂ ಪರಿಜನರನ್ನೂ ಕರೆದು ಒಳ್ಳೆಯ ಮಾತಿನಲ್ಲಿ ಕ್ಷಮೆ ಕೇಳುವುದು, ಕ್ಷಮಿಸುವುದು. ಆಹಾರ ಬಿಡುವುದು ನಂತರದ್ದು, ಅದೂ ಹಂತ ಹಂತವಾಗಿ. ಗುರುವಿನ ಒಪ್ಪಿಗೆಯೂ ಬೇಕು. ಅಂದರೆ ಒಬ್ಬರ ಸಾವು ಒಬ್ಬರೇ ಮಾಡಿಕೊಳ್ಳುವ ತೀರ್ಮಾನವಾಗಿರಲಿಲ್ಲ. ಮನೆಯವರಿಗೆ ತಿಳಿಯದೆ ನಡೆಯುವಂಥದ್ದೂ ಆಗಿರಲಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಸಲ್ಲೇಖನ ಜೈನರ ಧಾರ್ಮಿಕ ವ್ರತ. ಇವತ್ತಿನ ಕಾನೂನು ಒಪ್ಪಿರುವುದು ವಾಸಿಯಾಗದ ಸ್ಥಿತಿಯಲ್ಲಿ ಯಂತ್ರದ ಚಿಕಿತ್ಸೆಯನ್ನು ಬೇಡ ಎನ್ನುವ ಹಕ್ಕು. ಎರಡೂ ಒಂದೇ ಅಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ಚರ್ಚೆ ಬೇರೆ. ನಾನು ಇಲ್ಲಿ ಕಲ್ಲುಗಳಿಂದ ಕೇಳುತ್ತಿರುವ ಪ್ರಶ್ನೆ ಚಿಕ್ಕದು: ಹೇಗೆ ಸಾಯಬೇಕೆಂಬ ಇಚ್ಛೆಯನ್ನು ಯಾರು ಹೇಳಿದರು, ಯಾರು ಕೇಳಿಸಿಕೊಂಡರು, ಯಾರು ಬರೆದರು?

ಈ ಕೊನೆಯ ಪ್ರಶ್ನೆ ಬಂದಾಗ ಸಂಶೋಧಕರಿಗೆ ಕಸಿವಿಸಿ ಶುರುವಾಗುತ್ತದೆ. ಶಾಸನವನ್ನು ಬರೆಸುವವರು ಉಳಿದವರು. ವೀರಗಲ್ಲು, ಮಾಸ್ತಿಗಲ್ಲು, ನಿಷಿಧಿ — ಮೂರರ ವ್ಯಾಕರಣವೂ ಒಂದೇ: 'ಅವನು ಹೀಗೆ ಮಾಡಿದನು', 'ಅವಳು ಹೀಗೆ ಬಯಸಿದಳು'. 'ನಾನು' ಎಂಬ ಮಾತು ಅಲ್ಲಿ ಇಲ್ಲ. ಜಕ್ಕಿಯಬ್ಬೆಗೆ ಭೋಗ ಸಪ್ಪೆಯೆನಿಸಿತು ಎಂದು ಬರೆದವರು ಜಕ್ಕಿಯಬ್ಬೆಯಲ್ಲ. ಅವಳ ವಿಷಯದಲ್ಲಿ ಅದನ್ನು ನಂಬಲು ಕಾರಣವಿದೆ. ಅವಳ ಕೈಯಲ್ಲಿ ಅಧಿಕಾರವಿತ್ತು, ಕರೆಸಿದರೆ ಮಗಳು ಬರುತ್ತಿದ್ದಳು, ಒಪ್ಪಿಸಲು ಅವಳದ್ದು ಎಂಬ ಆಸ್ತಿಯಿತ್ತು. ಮಾಸ್ತಿಗಲ್ಲಿನ ಹೆಣ್ಣಿನ ವಿಷಯದಲ್ಲಿ ಅದೇ ನಂಬಿಕೆ ಇಡಲು ನನ್ನಿಂದ ಆಗುವುದಿಲ್ಲ. ಅವಳೂ 'ಬಯಸಿದಳು' ಎಂದೇ ಕಲ್ಲು ಸೂಚಿಸುತ್ತದೆ. ಆ ಎತ್ತಿದ ಕೈ ಆಶೀರ್ವಾದದ್ದೆಂದು ನಮಗೆ ಕಲಿಸಿದ್ದಾರೆ. ಅವಳನ್ನು ಯಾರು ಕೇಳಿದ್ದರು?

ಒಬ್ಬರ ಇಚ್ಛೆಯನ್ನು ಇನ್ನೊಬ್ಬರು ಬರೆದಾಗ ಅದು ಬರೆದವರ ಅನುಕೂಲಕ್ಕೆ ಬಾಗುವ ಅಪಾಯ ಸಾವಿರ ವರ್ಷ ಹಿಂದೆಯೂ ಇತ್ತು, ಐಸಿಯು ಬಾಗಿಲಲ್ಲೂ ಇದೆ.

*

ಈ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇಟ್ಟ ಹೆಣ್ಣುಮಗಳೂ ನಮ್ಮ ಪಕ್ಕದ ಜಿಲ್ಲೆಯವಳು. ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನ ಅಮಾನುಷ ದಾಳಿಗೆ ಸಿಕ್ಕ ಮೇಲೆ ಅವರು ಪ್ರಜ್ಞೆಗೆ ಮರಳಲೇ ಇಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಅವರ ಪರವಾಗಿ ದಯಾಮರಣ ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಅರುಣಾರನ್ನು ಮಗುವಿನಂತೆ ನೋಡಿಕೊಂಡಿದ್ದ ಕೆಇಎಂ ಸಿಬ್ಬಂದಿ ಬೇಡವೆಂದರು. 2011ರ ಮಾರ್ಚ್ 7ರಂದು ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಅರುಣಾರ ಪರವಾಗಿ ಮಾತಾಡುವ ಹಕ್ಕಿರುವುದು ಆಸ್ಪತ್ರೆಯ ಸಿಬ್ಬಂದಿಗೆ ಎಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿಯಿದ್ದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂಬ ದಾರಿಯನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಾಸಿಗೆಯಲ್ಲಿದ್ದು. ಇಬ್ಬರೂ ಅವರನ್ನು ಪ್ರೀತಿಸುತ್ತಿದ್ದರು, ಕೇಳಿದವರೂ ಬೇಡವೆಂದವರೂ. ಅವರು ಏನು ಬಯಸುತ್ತಿದ್ದರು ಎಂಬುದು ಇಬ್ಬರಿಗೂ ಊಹೆಯೇ ಆಗಿತ್ತು.

2018ರ ಮಾರ್ಚ್ 9ರಂದು 'ಕಾಮನ್ ಕಾಸ್' ಸಂಸ್ಥೆಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ತನಗೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಜನ ಕರೆಯುವ 'ಲಿವಿಂಗ್ ವಿಲ್'ಗೆ, ಮಾನ್ಯತೆ ಕೊಟ್ಟಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರ ಆದೇಶ ಅದನ್ನು ಸಡಿಲಿಸಿತು. ಇಬ್ಬರು ಸಾಕ್ಷಿಗಳು ಮತ್ತು ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ತನ್ನ ಪರವಾಗಿ ಮಾತಾಡುವವರು ಯಾರೆಂದು ಹೆಸರಿಸಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಕಾಗದ ತೋರಿಸಿದ ಕೂಡಲೇ ಯಾರೂ ಯಂತ್ರ ನಿಲ್ಲಿಸುವುದಿಲ್ಲ. ಆಸ್ಪತ್ರೆಯ ಪ್ರಾಥಮಿಕ ಮಂಡಳಿ, ಆಮೇಲೆ ದ್ವಿತೀಯ ಮಂಡಳಿ ಒಪ್ಪಬೇಕು, ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ರಾಜ್ಯದಲ್ಲಿ ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಪತ್ರ ಬರೆದಿಡದವರ ವಿಷಯದಲ್ಲೂ ಮನೆಯವರ ಒಪ್ಪಿಗೆ ಪಡೆದು ಇದೇ ಮಂಡಳಿಗಳ ಮೂಲಕ ಸಾಗುವ ದಾರಿಯಿದೆ. ನಮ್ಮ ಮನೆಯಲ್ಲಿ ಸಿಗದೇ ಹೋದದ್ದು ಆ ಒಪ್ಪಿಗೆಯೇ.

ಇತಿಹಾಸದ ಕಣ್ಣಿನಿಂದ ನೋಡಿದರೆ ಈ ಪತ್ರದಲ್ಲಿ ಹೊಸತು ಒಂದೇ. ಸಾಕ್ಷಿಗಳು ನಿಷಿಧಿಯಲ್ಲೂ ಇದ್ದರು, ಹಿರಿಯರ ಒಪ್ಪಿಗೆಯೂ ಇತ್ತು, ಒಪ್ಪಿಸಿಕೊಳ್ಳುವ ಮಗಳೂ ಇದ್ದಳು. ಆದರೆ ಇಲ್ಲಿ ವಾಕ್ಯ 'ನಾನು' ಎಂದು ಶುರುವಾಗುತ್ತದೆ.

*

ಮನೆಯಲ್ಲಿ ಈ ಮಾತು ತೆಗೆಯಲು ನನಗೆ ಐದು ವರ್ಷ ಹಿಡಿಯಿತು. ನಮ್ಮಲ್ಲಿ ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನು' ಎನ್ನುತ್ತಾರೆ. ಆ ಎರಡು ಪದಗಳು ದೊಡ್ಡ ಬೀಗ. ಅಪ್ಪನ ಎದುರು ಎರಡು ಸಲ ಪ್ರಯತ್ನಿಸಿದೆ, ಎರಡು ಸಲವೂ ಬಿಡ್ತು ಅಂದೆ.

ಬೀಗ ತೆಗೆದದ್ದು ಕಲ್ಲುಗಳೇ. ಕಳೆದ ಬೇಸಿಗೆಯಲ್ಲಿ ಊರಲ್ಲಿ ಕುಳಿತು ಹಿರೇ ಆವಲಿಯ ಪಾಠಗಳನ್ನು ಟೈಪ್ ಮಾಡುತ್ತಿದ್ದೆ. ಏನು ಬರೆದಿದೆ ಅದರಲ್ಲಿ ಎಂದು ಅಜ್ಜಿ ಕೇಳಿದರು. ನಿಷಿಧಿಗಳಲ್ಲಿ ಸತ್ತರು ಎನ್ನಲು 'ಮುಡಿಪಿದರು' ಎಂದು ಬರುತ್ತದೆ ಎಂದೆ. ಅಜ್ಜಿಯ ಮುಖ ಅರಳಿತು. "ಮುಡಿಪಾ? ಚಂದ್ರಗುತ್ತಿ ಅಮ್ಮಂಗೆ ಕಟ್ಟಿಡ್ತೀವಲ್ಲ, ಅದು?" ಪದದ ವ್ಯುತ್ಪತ್ತಿ ಬೇರೆಯಿರಬಹುದು, ನಾನು ತಿದ್ದಲು ಹೋಗಲಿಲ್ಲ. ದೇವರಿಗೆಂದು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ ನಾಣ್ಯದ ಹಾಗೆ ಸಾವು ಎಂಬುದು ಅವರಿಗೆ ತಕ್ಷಣ ಅರ್ಥವಾಯಿತು. ಜಕ್ಕಿಯಬ್ಬೆಯ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ್ನ ಕರೆಸಿದ್ಲು ನೋಡು, ಗಂಡುಮಕ್ಳನ್ನಲ್ಲ" ಎಂದರು. ಜಕ್ಕಿಯಬ್ಬೆಗೆ ಗಂಡುಮಕ್ಕಳಿದ್ದರೇ ಎಂಬ ಪ್ರಶ್ನೆ ಅವರಿಗೆ ಮುಖ್ಯವಾಗಿರಲಿಲ್ಲ. ಆಮೇಲೆ ತಾವಾಗಿಯೇ, "ನಂದೂ ಬರ್ಕೊ" ಎಂದರು.

ಬರೆದುಕೊಂಡೆ. ಅಜ್ಜಿಗೆ ಬೇಡವಾದದ್ದರ ಪಟ್ಟಿ ಚಿಕ್ಕದಿತ್ತು: ವಾಸಿಯಾಗುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ವೆಂಟಿಲೇಟರ್ ಬೇಡ, ಗಂಟಲು ತೂತು ಬೇಡ. ಬೇಕಾದದ್ದರ ಪಟ್ಟಿಯೇ ಉದ್ದ. ನೋವಿಗೆ ಔಷಧ ಬೇಕು, "ನಂಗೆ ನೋವು ತಡ್ಕೊಳಕ್ಕಾಗಲ್ಲ, ಅದ್ರಲ್ಲಿ ಜಿಪುಣತನ ಮಾಡ್ಬೇಡಿ." ಸಾಧ್ಯವಾದರೆ ಮನೆ. ಸೆರಗು ಸರಿಯಿರಬೇಕು. ಪಕ್ಕದಲ್ಲಿ ಯಾರಾದರೂ ಕೂತು ಊರಿನ ಸುದ್ದಿ ಮಾತಾಡುತ್ತಿರಬೇಕು, ಕೇಳಿಸದಿದ್ದರೂ.

ಇದನ್ನು ಬರೆಯುವಾಗ ನೆನಪಾದದ್ದು ಬಳ್ಳಿಗಾವಿ. ಬಂದಳಿಕೆಗೆ ಹೋಗುವ ದಾರಿಯಲ್ಲೇ ಸಿಗುವ ಆ ಊರಿನ ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಕಾಳಾಮುಖ ಮಠ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗವೂ ಹೌದು, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಜಾಗವೂ ಹೌದು. ಒಂದು ಕಡೆ ಬಿಡುವುದನ್ನು ಬರೆದ ಕಲ್ಲು, ಕೆಲವೇ ಮೈಲಿ ದೂರದಲ್ಲಿ ನೋಡಿಕೊಳ್ಳುವುದನ್ನು ಬರೆದ ಕಲ್ಲು. ಯಂತ್ರ ಬೇಡ ಎಂದವರು ಆರೈಕೆ ಬೇಡ ಎಂದಿಲ್ಲ. ಇಚ್ಛಾಪತ್ರ ಬರೆಯುವವರು ಎರಡನೇ ಪಟ್ಟಿಯನ್ನು ಮರೆಯಬಾರದು ಎಂದು ನನಗೆ ಅಜ್ಜಿಯೇ ಕಲಿಸಿದ್ದು.

ಒರಟು ಪ್ರತಿ ಓದಿ ಹೇಳಿದೆ. ಅಭ್ಯಾಸಬಲದಿಂದ 'ಇವರು ವೆಂಟಿಲೇಟರ್ ಬೇಡವೆಂದು ತಿಳಿಸಿರುತ್ತಾರೆ' ಎಂದು ಶಾಸನದ ಧಾಟಿಯಲ್ಲಿ ಬರೆದಿದ್ದೆ. "ಇವರು ಅಂದ್ರೆ ಯಾರು? ನಾನು ಸತ್ತಿದೀನಾ?" ಎಂದರು. ಎಲ್ಲವನ್ನೂ 'ನಾನು' ಮಾಡಿದೆ. ತಮ್ಮ ಪರವಾಗಿ ಮಾತಾಡಲು ಮೊದಲು ಅತ್ತೆಯ ಹೆಸರು ಹೇಳಿದರು, ಆಮೇಲೆ ಅಪ್ಪನದ್ದು.

ಅಪ್ಪನಿಗೆ ಓದಿ ಹೇಳಿದ ದಿನ ಅವರು ಬಿಡ್ತು ಅನ್ನಲಿಲ್ಲ. ಎದ್ದು ಹೋಗಿ ಹಿತ್ತಿಲಲ್ಲಿ ಬಹಳ ಹೊತ್ತು ನಿಂತಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿಯನ್ನು ಕೇಳಿದರು, "ಅಪ್ಪಯ್ಯ ನಿಜವಾಗ್ಲೂ ಹಂಗಂದಿದ್ರಾ?" ಅಜ್ಜಿ ಹೌದೆಂದರು. ಅಪ್ಪ ಅವತ್ತೇ ದೊಡ್ಡ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಬಾಗಿಲು ಹಾಕಿಕೊಂಡಿದ್ದರು.

ಸೊರಬದಲ್ಲಿ ನೋಟರಿ ಎದುರು ಇಬ್ಬರು ಸಾಕ್ಷಿಗಳೊಂದಿಗೆ ಕೆಲಸ ಮುಗಿಯಲು ಅರ್ಧ ಗಂಟೆಯೂ ಆಗಲಿಲ್ಲ. ಒಂದು ಪ್ರತಿ ಅತ್ತೆಯ ಮನೆಯಲ್ಲಿದೆ, ಒಂದು ಅಪ್ಪನ ಬೀರುವಿನಲ್ಲಿ. ಸಹಿ ಹಾಕುವ ಮೊದಲು ಅಜ್ಜಿ ಕೇಳಿದ ಪ್ರಶ್ನೆ ಒಂದೇ: "ನಾಳೆ ಮನಸ್ಸು ಬದಲಾದ್ರೆ?" ಬುದ್ಧಿ ಸ್ವಾಧೀನದಲ್ಲಿರುವವರೆಗೆ ಯಾವಾಗ ಬೇಕಾದರೂ ಬರಹದಲ್ಲೇ ಬದಲಿಸಬಹುದು, ರದ್ದು ಮಾಡಬಹುದು ಎಂದೆ. ಕಲ್ಲಿಗೆ ಈ ಸೌಲಭ್ಯ ಇರಲಿಲ್ಲ.

"ಹಂಗಾದ್ರೆ ಸರಿ" ಎಂದು ನಿಧಾನಕ್ಕೆ, ಒಂದೊಂದೇ ಅಕ್ಷರವಾಗಿ, ತಮ್ಮ ಹೆಸರು ಬರೆದರು.